ಕೋವಿಡ್: ಯಾವ ಔಷಧ ಎಂದು ಕೇಳುವ ಮೊದಲು, ಇದು ಎಷ್ಟನೆಯ ದಿನ?

ಪ್ರಶ್ನೆ: ಮನೆಯಲ್ಲಿ ಒಬ್ಬರಿಗೆ ಕೋವಿಡ್ ಬಂದ ದಿನದಿಂದ ಎಲ್ಲರೂ ಪದೇ ಪದೇ ಕೈ ತೊಳೆದೆವು, ಬಾಗಿಲ ಹಿಡಿಕೆಗಳನ್ನು ಒರೆಸಿದೆವು. ಆದರೂ ಇನ್ನೂ ಮೂವರಿಗೆ ತಗುಲಿತು. ಇಬ್ಬರಿಗೆ ನೆಗಡಿಯಂತೆ ಬಂದು ಹೋಯಿತು. ವಯಸ್ಸಾದ ಒಬ್ಬರಿಗೆ ಮಾತ್ರ ಜ್ವರ ಇಳಿದ ಮೇಲೆ, ಎಂಟನೆಯ ದಿನ ಉಸಿರಾಟ ಕೆಟ್ಟಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಜೊತೆ ಸ್ಟಿರಾಯ್ಡ್ ಕೊಟ್ಟ ಮೇಲೆ ಸುಧಾರಿಸಿದರು. ಅದನ್ನು ಮೊದಲ ದಿನವೇ ಕೊಟ್ಟಿದ್ದರೆ ಆಸ್ಪತ್ರೆಗೆ ಹೋಗುವುದೇ ತಪ್ಪುತ್ತಿತ್ತಲ್ಲವೇ? ಈ ವೈರಸ್ ಹೇಗೆ ಹರಡುತ್ತದೆ, ಒಳಗೆ ಏನು ಮಾಡುತ್ತದೆ, ಯಾವ ಔಷಧ ಯಾವಾಗ ಎಂದು ವಿವರವಾಗಿ ತಿಳಿಸುವಿರಾ?

ಉತ್ತರ: ಸ್ಟಿರಾಯ್ಡ್ ವಿಷಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ಕಾಯಿಲೆಯಲ್ಲಿ ತಪ್ಪಿಸಬಹುದಾಗಿದ್ದ ಹಾನಿ ಬಹಳಷ್ಟು ಆಗಿರುವುದು ಅಲ್ಲೇ. ಸ್ಟಿರಾಯ್ಡ್ ಎಂದರೆ ರೋಗನಿರೋಧಕ ವ್ಯವಸ್ಥೆಯ ಅಬ್ಬರವನ್ನು ತಗ್ಗಿಸುವ ಔಷಧ. ಮೊದಲ ದಿನ ಅದನ್ನು ಕೊಡದೇ ಇದ್ದದ್ದು ಒಳ್ಳೆಯದಾಯಿತು. ಕೋವಿಡ್ ತೀವ್ರವಾದಾಗ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ವಾರದ ತೊಂದರೆ ವೈರಸ್ಸಿನದು. ಎರಡನೆಯ ವಾರದ ತೊಂದರೆ ಬಹುಮಟ್ಟಿಗೆ ನಮ್ಮದೇ ರೋಗನಿರೋಧಕ ವ್ಯವಸ್ಥೆಯದು. ಮೊದಲ ವಾರದ ಔಷಧ ಎರಡನೆಯ ವಾರದಲ್ಲಿ ಹೆಚ್ಚು ಕೆಲಸ ಮಾಡುವುದಿಲ್ಲ, ಎರಡನೆಯ ವಾರದ ಔಷಧ ಮೊದಲ ವಾರದಲ್ಲಿ ಕೆಡುಕು ಮಾಡಬಲ್ಲದು. ಆದ್ದರಿಂದ ಲಕ್ಷಣ ಕಾಣಿಸಿಕೊಂಡ ದಿನವನ್ನು ಒಂದನೆಯ ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಪರೀಕ್ಷೆಯ ಫಲಿತಾಂಶ ಬಂದ ದಿನದಿಂದ ಎಣಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಅದರಿಂದ ಎರಡು ಮೂರು ದಿನ ಲೆಕ್ಕದಿಂದ ಜಾರಿಹೋಗುತ್ತವೆ, ಆ ಎರಡು ಮೂರು ದಿನಗಳಲ್ಲೇ ಚಿಕಿತ್ಸೆಯ ಅವಕಾಶ ಇರುತ್ತದೆ.

ಈಗ ಹರಡುವಿಕೆ. ಕೈ ತೊಳೆದರೂ ಮನೆಯವರಿಗೆ ತಗುಲಿದ್ದೇಕೆಂದರೆ, ಈ ವೈರಸ್ ಮುಖ್ಯವಾಗಿ ಬರುವುದು ಗಾಳಿಯಲ್ಲಿ. ಕೆಮ್ಮಿದಾಗ, ಸೀನಿದಾಗ ಮಾತ್ರವಲ್ಲ, ಮಾತಾಡಿದಾಗ, ಹಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಬಾಯಿ, ಮೂಗಿನಿಂದ ನಾನಾ ಗಾತ್ರದ ಹನಿಗಳು ಹೊರಬೀಳುತ್ತವೆ. ನಿಂತ ಗಾಳಿಯಲ್ಲಿ ಒಂದೂವರೆ ಮೀಟರ್ ಎತ್ತರದಿಂದ 100 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಹನಿ ಐದು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 5 ಮೈಕ್ರಾನಿನದು ಸುಮಾರು ಅರ್ಧ ಗಂಟೆ ತೇಲುತ್ತದೆ. 1 ಮೈಕ್ರಾನಿನದು ಹನ್ನೆರಡು ಗಂಟೆ. ವೈರಸ್ ಕಣದ ಅಡ್ಡಳತೆ ಸುಮಾರು 0.1 ಮೈಕ್ರಾನ್, ಹಾಗಾಗಿ ಈ ಅತಿ ಸಣ್ಣ ಹನಿಯೊಳಗೂ ಅದಕ್ಕೆ ಜಾಗ ಉಂಟು. ಬೀಡಿ ಸಿಗರೇಟಿನ ಹೊಗೆ ಕೋಣೆಯಲ್ಲಿ ಹೇಗೆ ಹಬ್ಬುತ್ತದೆ ಎಂದು ನೆನಪು ಮಾಡಿಕೊಳ್ಳಿ: ಸೇದುವವರ ಪಕ್ಕ ದಟ್ಟ, ದೂರದಲ್ಲಿ ತೆಳು, ಕಿಟಕಿ ಮುಚ್ಚಿದ್ದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲೆಡೆ ಒಂದೇ ಸಮ. ಎರಡು ಮೀಟರ್ ಅಂತರ ಮುಚ್ಚಿದ ಕೋಣೆಯಲ್ಲಿ ಸಾಕಾಗದಿರುವುದು ಇದೇ ಕಾರಣಕ್ಕೆ.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ ಗಾಯನ ತಂಡವೊಂದರ 61 ಜನ ಎರಡೂವರೆ ಗಂಟೆ ಅಭ್ಯಾಸ ನಡೆಸಿದರು. ಅವರಲ್ಲಿ ಒಬ್ಬರಿಗೆ ಶೀತದಂತಹ ಲಕ್ಷಣಗಳಿದ್ದವು. ಮುಂದಿನ ದಿನಗಳಲ್ಲಿ ಪರೀಕ್ಷೆಯಲ್ಲಿ ಖಚಿತವಾದವರು ಮತ್ತು ಬಹುತೇಕ ಸೋಂಕಿತರೆಂದು ಪರಿಗಣಿಸಿದವರು ಸೇರಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಎಲ್ಲ ಸೋಂಕಿತರೂ ಒಂದೇ ಸಮನಾಗಿ ಹರಡುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ಬಹಳಷ್ಟು ಜನ ಯಾರಿಗೂ ದಾಟಿಸುವುದಿಲ್ಲ. ಹತ್ತರಲ್ಲಿ ಒಬ್ಬರೋ ಇಬ್ಬರೋ, ಮುಚ್ಚಿದ ಜಾಗ, ಜೋರು ದನಿ, ಹೆಚ್ಚು ಹೊತ್ತು ಇವೆಲ್ಲ ಕೂಡಿಬಂದಾಗ, ಹತ್ತಾರು ಜನರಿಗೆ ದಾಟಿಸುತ್ತಾರೆ.

ಮೇಲ್ಮೈಗಳ ಭಯ ಹುಟ್ಟಿದ್ದು ಪ್ರಯೋಗಾಲಯದಿಂದ. ಪ್ಲಾಸ್ಟಿಕ್ಕಿನ ಮೇಲೆ ಮೂರು ದಿನದವರೆಗೆ ಜೀವಂತ ವೈರಸ್ ಸಿಕ್ಕಿತೆಂಬುದು ನಿಜ, ಆದರೆ ಅಲ್ಲಿ ಸುರಿದ ವೈರಸ್ಸಿನ ಪ್ರಮಾಣ ಬಾಗಿಲ ಹಿಡಿಕೆಯ ಮೇಲೆ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ಕಾಯಿಲೆ ಬರುವ ಸಂಭವ 10,000ದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೇಳಿತು. ಕೈ ತೊಳೆಯುವುದು ಬೇರೆ ಹತ್ತು ಕಾಯಿಲೆಗಳಿಗೆ ಒಳ್ಳೆಯದು, ಬಿಡಬೇಡಿ. ಆದರೆ ನಿಮ್ಮಲ್ಲಿರುವ ಶ್ರಮದಲ್ಲಿ ಮುಕ್ಕಾಲು ಪಾಲು ಗಾಳಿಗೆ ಮೀಸಲಿಡಿ.

ಹಾಗೆಂದರೆ ಏನು ಮಾಡಬೇಕು? ರೋಗಿಯ ಕೋಣೆಯ ಬಾಗಿಲು ಮುಚ್ಚಿ, ಹೊರಗಡೆಗೆ ತೆರೆಯುವ ಕಿಟಕಿ ತೆಗೆಯಿರಿ. ಆ ಕಿಟಕಿಯಲ್ಲಿ ಟೇಬಲ್ ಫ್ಯಾನ್ ಒಂದನ್ನು ಹೊರಕ್ಕೆ ಮುಖ ಮಾಡಿ ಇಡಿ. ಆಗ ಮನೆಯ ಗಾಳಿ ಬಾಗಿಲ ಸಂದಿನಿಂದ ರೋಗಿಯ ಕೋಣೆಗೆ ಬಂದು, ಅಲ್ಲಿಂದ ಹೊರಹೋಗುತ್ತದೆ. ಫ್ಯಾನಿನ ಮುಖ ಒಳಕ್ಕಿದ್ದರೆ ಇದು ತಿರುವುಮುರುವಾಗಿ, ರೋಗಿಯ ಉಸಿರನ್ನು ಮನೆಯೊಳಗೆ ತಳ್ಳಿದಂತಾಗುತ್ತದೆ. ಸೀಲಿಂಗ್ ಫ್ಯಾನ್ ಗಾಳಿಯನ್ನು ಕಲಕುತ್ತದೆಯೇ ಹೊರತು ಬದಲಾಯಿಸುವುದಿಲ್ಲ. ಸ್ಪ್ಲಿಟ್ ಏಸಿಯೂ ಅಷ್ಟೇ, ಕೋಣೆಯ ಗಾಳಿಯನ್ನೇ ತಣ್ಣಗೆ ಮಾಡಿ ಮತ್ತೆ ಬಿಡುತ್ತದೆ. ಗಂಟೆಗೆ 6 ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ಶೇ. 99ರಷ್ಟು ಹೊರಹೋಗಲು 46 ನಿಮಿಷ ಬೇಕು. 2 ಬಾರಿ ಮಾತ್ರ ಬದಲಾದರೆ 138 ನಿಮಿಷ. ರೋಗಿ ಎದ್ದುಹೋದ ಕೂಡಲೇ ಕೋಣೆ ಗುಡಿಸಲು ಹೋಗಬಾರದು ಎನ್ನುವುದಕ್ಕೆ ಈ ಅಂಕಿಗಳೇ ಕಾರಣ. ಹೆಪಾ ಎಂಬ, ಅತಿ ಸಣ್ಣ ಕಣಗಳನ್ನು ಹಿಡಿಯುವ ಶೋಧಕವಿರುವ ಗಾಳಿ ಶುದ್ಧಿ ಯಂತ್ರ ಕೊಳ್ಳುವವರು ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ ಆರರಿಂದ ಗುಣಿಸಲಿ. 3 ಮೀ., 4 ಮೀ., 3 ಮೀ. ಕೋಣೆಗೆ 36 ಘನ ಮೀಟರ್. ಯಂತ್ರ ಗಂಟೆಗೆ ಕನಿಷ್ಠ 216 ಘನ ಮೀಟರ್ ಶುದ್ಧ ಗಾಳಿ ಕೊಡಬೇಕು.

ರೋಗಿಯ ಬಳಿ ಹೋಗುವವರು ಎನ್‌95 ಅಥವಾ ಅದಕ್ಕೆ ಸಮನಾದ ಮಾಸ್ಕ್ ಹಾಕಬೇಕು. ಅದು ಜರಡಿಯಂತೆ ಸೋಸುವುದಿಲ್ಲ. ಅದರ ನಾರುಗಳಲ್ಲಿ ಸ್ಥಿರ ವಿದ್ಯುತ್ತಿನ ಆವೇಶವಿದ್ದು, ಹಿಡಿಯಲು ಅತ್ಯಂತ ಕಷ್ಟವಾದ 0.3 ಮೈಕ್ರಾನ್ ಸುಮಾರಿನ ಕಣಗಳನ್ನೂ ಶೇ. 95ರಷ್ಟು ಹಿಡಿಯುತ್ತದೆ. ಸಾಬೂನು ಹಾಕಿ ತೊಳೆದರೆ, ಸ್ಪಿರಿಟ್ ಸವರಿದರೆ ಆ ಆವೇಶ ಹೋಗುತ್ತದೆ, ನೋಡಲು ಮಾಸ್ಕ್ ಚೆನ್ನಾಗೇ ಇರುತ್ತದೆ. ಹಾಕಿಕೊಂಡ ಮೇಲೆ ಜೋರಾಗಿ ಉಸಿರು ಬಿಟ್ಟು ನೋಡಿ: ಕನ್ನಡಕ ಮಂಜಾದರೆ ಅಥವಾ ಕೆನ್ನೆಯ ಬದಿಯಿಂದ ಗಾಳಿ ತಾಗಿದರೆ ಮೂಗಿನ ಪಟ್ಟಿಯನ್ನು ಮತ್ತೆ ಒತ್ತಿ. ಗಡ್ಡವಿದ್ದರೆ ಅಂಚು ಕೂರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವೊಮ್ಮೆ ತಡವಾಗಿಬಿಟ್ಟಿರುತ್ತದೆ. ಸೋಂಕಿತರು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡತೊಡಗುತ್ತಾರೆ. ತಗುಲಿದ ಮೇಲೆ ಲಕ್ಷಣ ಕಾಣಲು ಮೊದಲ ತಳಿಗಳಿಗೆ ಸರಾಸರಿ 5 ದಿನ ಬೇಕಿತ್ತು, ಒಮಿಕ್ರಾನಿಗೆ ಸುಮಾರು 3 ದಿನ. ನಿಮ್ಮ ಮನೆಯಲ್ಲೂ ಮೊದಲನೆಯವರಿಗೆ ಜ್ವರ ಬರುವ ಹೊತ್ತಿಗೇ ಉಳಿದವರಿಗೆ ದಾಟಿರಬಹುದು. ಯಾರೂ ತಮ್ಮ ಮೇಲೆ ತಪ್ಪು ಹೊತ್ತುಕೊಳ್ಳಬೇಕಾಗಿಲ್ಲ.

ಒಳಗೆ ನಡೆಯುವುದು ಹೀಗೆ. ವೈರಸ್ಸಿನ ಮೈಮೇಲಿನ ಮುಳ್ಳುಗಳಂತಹ ಸ್ಪೈಕ್ ಪ್ರೋಟೀನು ನಮ್ಮ ಜೀವಕೋಶದ ಎಸಿಇ2 ಎಂಬ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಮೂಗಿನ ಒಳಪೊರೆಯಲ್ಲಿ ಈ ಗ್ರಾಹಕಗಳು ಇವೆ, ಶ್ವಾಸಕೋಶದ ಗಾಳಿಚೀಲಗಳಲ್ಲೂ ಇವೆ. ಒಳಹೊಕ್ಕ ಮೇಲೆ ತನ್ನನ್ನು ತಯಾರಿಸುವ ಸೂಚನೆಗಳ ಪಟ್ಟಿಯಾದ, ಸುಮಾರು 30,000 ಅಕ್ಷರಗಳ ತನ್ನ ಆರ್‌ಎನ್‌ಎಯನ್ನು ಬಿಚ್ಚುತ್ತದೆ. ನಮ್ಮದೇ ಕೋಶ ಅದನ್ನು ಓದಿ ಒಂದು ಉದ್ದನೆಯ ಪ್ರೋಟೀನ್ ಸರಪಳಿ ತಯಾರಿಸಿಕೊಡುತ್ತದೆ. ವೈರಸ್ಸಿನ ಪ್ರೋಟಿಯೇಸ್ ಎಂಬ ಕತ್ತರಿ ಆ ಸರಪಳಿಯನ್ನು ತುಂಡು ಮಾಡಿದಾಗ ಬಿಡಿಭಾಗಗಳು ಸಿಗುತ್ತವೆ. ಅವುಗಳಲ್ಲಿ ಒಂದಾದ ಪಾಲಿಮರೇಸ್ ಆರ್‌ಎನ್‌ಎಯ ನಕಲು ತೆಗೆಯುತ್ತದೆ. ಕತ್ತರಿ ಮತ್ತು ನಕಲು ಯಂತ್ರ, ಈ ಎರಡನ್ನೂ ನೆನಪಿಡಿ. ಔಷಧಗಳು ಕೈ ಹಾಕುವುದು ಅಲ್ಲಿಗೇ. ವಾಸನೆ ಹೋಗುವುದು ಕೂಡ ಮೂಗಿನಲ್ಲೇ ಆಗುವ ಹಾನಿಯಿಂದ: ವಾಸನೆಯ ನರಗಳಿಗಿಂತ ಹೆಚ್ಚಾಗಿ ಅವಕ್ಕೆ ಆಸರೆಯಾಗಿರುವ ಕೋಶಗಳು ಸೋಂಕಿಗೆ ಸಿಕ್ಕಿಕೊಳ್ಳುತ್ತವೆ. ಬಹುಪಾಲು ಜನರಿಗೆ ವಾಸನೆ ಮರಳಿ ಬರುವುದೂ ಅದರಿಂದಲೇ.

ಸೋಂಕು ತಗುಲಿದ ಕೋಶ ಮೊದಲು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಬಿಡಬೇಕು. ವೈರಸ್ ಅದನ್ನು ಅದುಮಿಡಲು ನೋಡುತ್ತದೆ. ಎಚ್ಚರಿಕೆ ಬೇಗ ಹೊರಟರೆ ಹೋರಾಟ ಮೂಗು, ಗಂಟಲಿನಲ್ಲೇ ಮುಗಿಯುತ್ತದೆ, ನಿಮ್ಮ ಮನೆಯ ಆ ಇಬ್ಬರಿಗೆ ಆದಂತೆ. ತಡವಾದರೆ ವೈರಸ್ ಗಾಳಿಚೀಲಗಳಿಗೆ ಇಳಿಯುತ್ತದೆ. ವಯಸ್ಸಾದಂತೆ ಈ ಮೊದಲ ಪ್ರತಿಕ್ರಿಯೆ ನಿಧಾನವಾಗುತ್ತದೆ. ಪ್ರಾಣಾಪಾಯದ ಹಂತ ತಲುಪಿದ ರೋಗಿಗಳಲ್ಲಿ ಸುಮಾರು ಶೇ. 10ರಷ್ಟು ಜನರಲ್ಲಿ ತಮ್ಮದೇ ಇಂಟರ್‌ಫೆರಾನನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು ಎಂದು 2020ರಲ್ಲಿ ತಿಳಿದುಬಂತು. ಅವರಲ್ಲಿ ಹೆಚ್ಚಿನವರು ಗಂಡಸರು. ಗಟ್ಟಿಮುಟ್ಟಾಗಿದ್ದವರೂ ಒಮ್ಮೊಮ್ಮೆ ಕುಸಿದದ್ದಕ್ಕೆ ಇದೊಂದು ವಿವರಣೆ.

ಮೊದಲ ಐದು ದಿನಗಳಲ್ಲಿ ಬಹುಪಾಲು ಜನರಿಗೆ ಬೇಕಾಗುವುದು ವಿಶ್ರಾಂತಿ, ನೀರು, ಪ್ಯಾರಸಿಟಮಾಲ್. ದೊಡ್ಡವರಿಗೆ ಒಂದು ಸಲಕ್ಕೆ 500ರಿಂದ 1000 ಮಿ.ಗ್ರಾಂ, ಎರಡು ಸಲದ ನಡುವೆ ಕನಿಷ್ಠ 4ರಿಂದ 6 ಗಂಟೆ, 24 ಗಂಟೆಗೆ 4 ಗ್ರಾಂ ಮೀರಬಾರದು. ಯಕೃತ್ತಿನ ತೊಂದರೆ ಇರುವವರಿಗೆ, ತೂಕ ತೀರಾ ಕಡಿಮೆ ಇರುವವರಿಗೆ ಇನ್ನೂ ಕಡಿಮೆ. ಶೀತದ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಸೇರಿರುವುದುಂಟು. ಪೊಟ್ಟಣದ ಹಿಂಬದಿ ಓದದೆ ಎರಡನ್ನೂ ನುಂಗಿ ಮಿತಿ ದಾಟಿಬಿಡುತ್ತಾರೆ. ಆಂಟಿಬಯಾಟಿಕ್ ವೈರಸ್ಸಿಗೆ ಏನೂ ಮಾಡದು. ಹೈಡ್ರಾಕ್ಸಿಕ್ಲೋರೋಕ್ವಿನ್, ಐವರ್‌ಮೆಕ್ಟಿನ್, ಅಜಿಥ್ರೋಮೈಸಿನ್ ಮೂರನ್ನೂ ದೊಡ್ಡ ಪರೀಕ್ಷೆಗಳಲ್ಲಿ ತೂಗಿ ನೋಡಿ ಪ್ರಯೋಜನವಿಲ್ಲವೆಂದು ಕೈಬಿಡಲಾಗಿದೆ.

ಅಪಾಯ ಹೆಚ್ಚಿರುವವರಿಗೆ, ಅಂದರೆ ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಮಧುಮೇಹ, ಹೃದಯ, ಮೂತ್ರಪಿಂಡ, ಶ್ವಾಸಕೋಶದ ಕಾಯಿಲೆ ಇರುವವರಿಗೆ, ವೈರಸ್ ನಿರೋಧಕ ಔಷಧ ಬೇಕಾಗುವುದು ಈ ದಿನಗಳಲ್ಲೇ. ನಿರ್ಮಾಟ್ರೆಲ್ವಿರ್ ಆ ಕತ್ತರಿಯನ್ನು ತಡೆಯುತ್ತದೆ. 300 ಮಿ.ಗ್ರಾಂ ನಿರ್ಮಾಟ್ರೆಲ್ವಿರ್ ಜೊತೆ 100 ಮಿ.ಗ್ರಾಂ ರಿಟೊನಾವಿರ್, ದಿನಕ್ಕೆರಡು ಸಲ, 5 ದಿನ. ಲಕ್ಷಣ ಶುರುವಾದ 5 ದಿನದೊಳಗೆ ಆರಂಭಿಸಬೇಕು. ಲಸಿಕೆ ಪಡೆಯದ, ಅಪಾಯ ಹೆಚ್ಚಿರುವವರಲ್ಲಿ 3 ದಿನದೊಳಗೆ ಕೊಟ್ಟಾಗ ಆಸ್ಪತ್ರೆ ಸೇರುವುದು ಅಥವಾ ಸಾಯುವುದು ಶೇ. 89ರಷ್ಟು ತಗ್ಗಿತು. ಅಪಾಯ ಕಡಿಮೆ ಇರುವವರಲ್ಲಿ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಇಲ್ಲಿ ಎಡವುವುದು ರಿಟೊನಾವಿರ್ ವಿಷಯದಲ್ಲಿ. ಅದು ಯಕೃತ್ತು ಔಷಧಗಳನ್ನು ಕರಗಿಸುವ ಒಂದು ಮುಖ್ಯ ದಾರಿಯನ್ನು ಮುಚ್ಚುತ್ತದೆ. ಹೀಗಾಗಿ ನಿರ್ಮಾಟ್ರೆಲ್ವಿರ್ ರಕ್ತದಲ್ಲಿ ಸಾಕಷ್ಟು ಹೊತ್ತು ಉಳಿಯುತ್ತದೆ, ಆದರೆ ಜೊತೆಗಿರುವ ಬೇರೆ ಔಷಧಗಳೂ ಉಳಿದು ವಿಷದ ಮಟ್ಟಕ್ಕೆ ಏರಬಹುದು. ಸಿಮ್ವಾಸ್ಟಾಟಿನ್, ಅಮಿಯೊಡರೋನ್, ಟಾಕ್ರೊಲಿಮಸ್, ರಕ್ತ ತೆಳುವಾಗಿಸುವ ಕೆಲವು ಮಾತ್ರೆಗಳು ಈ ಪಟ್ಟಿಯಲ್ಲಿವೆ. ದಿನವೂ ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಮುಂದೆ ಸುರಿಯಿರಿ. ಮೂತ್ರಪಿಂಡದ ಶಕ್ತಿ ಮಧ್ಯಮವಾಗಿ ಕುಗ್ಗಿದ್ದರೆ ನಿರ್ಮಾಟ್ರೆಲ್ವಿರ್ ಪ್ರಮಾಣ 150 ಮಿ.ಗ್ರಾಮಿಗೆ ಇಳಿಯಬೇಕು. ಆ ಮಾತ್ರೆ ಹೊಂದಿಕೆಯಾಗದವರಿಗೆ ನಕಲು ಯಂತ್ರವನ್ನು ತಡೆಯುವ ರೆಮ್ಡೆಸಿವಿರ್ ಇದೆ: ನರದ ಮೂಲಕ ಮೊದಲ ದಿನ 200 ಮಿ.ಗ್ರಾಂ, ಮುಂದಿನ ಎರಡು ದಿನ 100 ಮಿ.ಗ್ರಾಂ.

ಐದರಿಂದ ಹತ್ತನೆಯ ದಿನದವರೆಗೆ ಕಣ್ಣಿಟ್ಟು ಕಾಯಬೇಕು. ಜ್ವರ ಇಳಿಯಿತೆಂದು ಎಲ್ಲರೂ ನಿರಾಳವಾಗುವುದು ಆಗಲೇ, ಕೆಲವರಿಗೆ ಶ್ವಾಸಕೋಶ ಕೆಡುವುದೂ ಆಗಲೇ. ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ಒಳಗೋಡೆಗೆ ಸಾಬೂನಿನ ಪೊರೆಯಂತಹ ದ್ರವ ಸವರುವ ಕೋಶಗಳಿವೆ. ವೈರಸ್ ಅವನ್ನೇ ಹಾಳುಮಾಡುತ್ತದೆ. ಜೊತೆಗೆ ಉರಿಯೂತದಿಂದ ಸೂಕ್ಷ್ಮ ರಕ್ತನಾಳಗಳು ಸೋರಿ ಚೀಲಗಳಲ್ಲಿ ನೀರು ತುಂಬುತ್ತದೆ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೋಸವೆಂದರೆ, ಆಕ್ಸಿಜನ್ ಇಳಿದರೂ ರೋಗಿಗೆ ಉಸಿರು ಕಟ್ಟಿದಂತೆ ಅನಿಸದಿರಬಹುದು. ಉಸಿರಿಗಾಗಿ ತಹತಹಿಸುವಂತೆ ಮಾಡುವುದು ಮುಖ್ಯವಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಅದು ಆಕ್ಸಿಜನ್ನಿಗಿಂತ ಸುಮಾರು ಇಪ್ಪತ್ತು ಪಟ್ಟು ಸಲೀಸಾಗಿ ಪೊರೆ ದಾಟುವುದರಿಂದ, ಕೆಟ್ಟ ಶ್ವಾಸಕೋಶದಿಂದಲೂ ಹೊರಹೋಗುತ್ತಿರುತ್ತದೆ. ಆದ್ದರಿಂದ "ಹೇಗಿದ್ದೀರಿ?" ಎಂದು ಕೇಳಿ "ಚೆನ್ನಾಗಿದ್ದೇನೆ" ಎಂಬ ಉತ್ತರವನ್ನು ನಂಬಿ ಕೂರುವಂತಿಲ್ಲ. ಅಳೆಯಬೇಕು.

ಐದು ನಿಮಿಷ ಕೂತು ವಿಶ್ರಮಿಸಿ, ಕೈ ಬೆಚ್ಚಗೆ ಮಾಡಿಕೊಂಡು, ಉಗುರಿನ ಬಣ್ಣ ತೆಗೆದು, ನಡುಬೆರಳಿಗೋ ತೋರುಬೆರಳಿಗೋ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಆಕ್ಸಿಮೀಟರ್ ಹಾಕಿ, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಸುಮಾರು ಒಂದು ನಿಮಿಷ ಅಲುಗಾಡದೆ ಇರಿ. ದಿನಕ್ಕೆ ಮೂರು ಸಲ ಅಳೆದು ಬರೆದಿಡಿ. 94ಕ್ಕಿಂತ ಕೆಳಗಿಳಿದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. 90ಕ್ಕಿಂತ ಕೆಳಗೆ ತುರ್ತು. ಚರ್ಮದ ಬಣ್ಣ ದಟ್ಟವಾಗಿರುವವರಲ್ಲಿ ಈ ಉಪಕರಣ ನಿಜಕ್ಕಿಂತ ಹೆಚ್ಚು ತೋರಿಸುವುದುಂಟು, ಹಾಗಾಗಿ ಒಂದೇ ಅಂಕಿಗಿಂತ ದಿನದಿಂದ ದಿನಕ್ಕೆ ಇಳಿಯುತ್ತಿದೆಯೇ ಎಂಬುದನ್ನು ನೋಡಿ. ಕೂತಾಗ 94 ಅಥವಾ ಮೇಲಿದ್ದು, ಏದುಸಿರು ಇಲ್ಲದವರು, ಪಕ್ಕದಲ್ಲಿ ಒಬ್ಬರನ್ನು ಇಟ್ಟುಕೊಂಡು ಕೋಣೆಯಲ್ಲೇ 6 ನಿಮಿಷ ನಡೆದು ಮತ್ತೆ ಅಳೆಯಬಹುದು. 94ಕ್ಕಿಂತ ಕೆಳಗೆ ಹೋದರೆ ಅಥವಾ 3 ಅಂಕಕ್ಕಿಂತ ಹೆಚ್ಚು ಇಳಿದರೆ ಶ್ವಾಸಕೋಶ ಒಳಗೊಳಗೇ ದಣಿದಿದೆ ಎಂದರ್ಥ. ಉಸಿರನ್ನೂ ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ 24 ದಾಟಿದರೆ ಎಚ್ಚರ, 30 ಗಂಭೀರ. ಎದೆನೋವು, ಮಂಕು, ತುಟಿ ನೀಲಿಗಟ್ಟುವುದು ಕಂಡರೆ ಅಳತೆಗೆ ಕಾಯದೆ ಹೊರಡಿ.

ಆಸ್ಪತ್ರೆಯಲ್ಲಿ ಮೊದಲ ಔಷಧ ಆಕ್ಸಿಜನ್ನೇ. ಮೂಗಿನ ಕೊಳವೆಯಲ್ಲಿ ನಿಮಿಷಕ್ಕೆ 1ರಿಂದ 5 ಲೀಟರ್, ಸಾಲದಿದ್ದರೆ ಚೀಲವಿರುವ ಮಾಸ್ಕಿನಲ್ಲಿ 10ರಿಂದ 15 ಲೀಟರ್, ಆಮೇಲೆ 60 ಲೀಟರಿನವರೆಗೆ ಬಿಸಿ ಮತ್ತು ತೇವ ಬೆರೆಸಿ ಕೊಡುವ ಯಂತ್ರ. ಸಾಮಾನ್ಯವಾಗಿ ಆಕ್ಸಿಮೀಟರಿನ ಅಂಕಿ 92ರಿಂದ 96 ಇದ್ದರೆ ಸಾಕು. 100 ಮುಟ್ಟಿಸಲು ಹೋಗುವುದು ವ್ಯರ್ಥ. ಬೋರಲು ಮಲಗಿಸುವುದರಿಂದ ಬೆನ್ನಿನ ಕಡೆಯ ಗಾಳಿಚೀಲಗಳು ತೆರೆದುಕೊಳ್ಳುತ್ತವೆ, ರಕ್ತ ಹೆಚ್ಚು ಹರಿಯುವುದೂ ಅಲ್ಲೇ. ವೆಂಟಿಲೇಟರಿನಲ್ಲಿರುವ ತೀವ್ರ ರೋಗಿಗಳನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸಿದಾಗ 28 ದಿನಗಳ ಸಾವು ಶೇ. 32.8ರಿಂದ 16ಕ್ಕೆ ಇಳಿದದ್ದು ಕೋವಿಡ್ಡಿಗೂ ಮೊದಲು, 2013ರಲ್ಲೇ ಗೊತ್ತಾಗಿತ್ತು. ವೆಂಟಿಲೇಟರಿನಲ್ಲಿ ಪ್ರತಿ ಉಸಿರಿಗೆ ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋಗೆ 6 ಮಿ.ಲೀ. ಅಷ್ಟೇ ಗಾಳಿ ಕೊಡುತ್ತಾರೆ. ಹೆಚ್ಚು ತುಂಬಿದರೆ ಅಳಿದುಳಿದ ಒಳ್ಳೆಯ ಚೀಲಗಳೂ ಹಿಗ್ಗಿ ಹರಿಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಚುಚ್ಚುಮದ್ದು ಕೂಡ ಬೇಕು.

ಈಗ ನಿಮ್ಮ ಸ್ಟಿರಾಯ್ಡ್. ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ಔಷಧ ಪರೀಕ್ಷೆಯ ಫಲಿತಾಂಶ 2020ರ ಜೂನ್‌ನಲ್ಲಿ ಬಂತು. ಅಲ್ಲಿ ಕೊಟ್ಟದ್ದು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, 6 ಮಿ.ಗ್ರಾಂ, ದಿನಕ್ಕೊಮ್ಮೆ, ಹೆಚ್ಚೆಂದರೆ 10 ದಿನ. ವೆಂಟಿಲೇಟರಿನಲ್ಲಿದ್ದವರ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಕ್ಸಿಜನ್ ಬೇಡದವರಲ್ಲಿ ಮಾತ್ರ ಔಷಧ ಪಡೆಯದವರು ಶೇ. 14 ಸತ್ತರೆ ಪಡೆದವರು 17.8 ಸತ್ತರು. ಈ ಕೊನೆಯ ವ್ಯತ್ಯಾಸ ಆಕಸ್ಮಿಕವಾಗಿರಲೂಬಹುದು, ಆದರೆ ಲಾಭವಂತೂ ಇರಲಿಲ್ಲ. ಕಾರಣ ಸರಳ. ಮೊದಲ ವಾರ ದೇಹ ವೈರಸ್ಸಿನೊಡನೆ ಹೋರಾಡುತ್ತಿರುವಾಗ ಸ್ಟಿರಾಯ್ಡ್ ಆ ಹೋರಾಟವನ್ನೇ ಕುಗ್ಗಿಸುತ್ತದೆ. ಎರಡನೆಯ ವಾರ ಅದೇ ಹೋರಾಟ ಹದ ಮೀರಿ ಶ್ವಾಸಕೋಶವನ್ನು ಸುಡುತ್ತಿರುವಾಗ ಕುಗ್ಗಿಸುವುದೇ ಬೇಕಾಗಿರುತ್ತದೆ. ಹೆಚ್ಚು ಕೊಟ್ಟರೆ ಹೆಚ್ಚು ಗುಣ ಎಂಬುದೂ ಸುಳ್ಳು: ಸಾಮಾನ್ಯ ಆಕ್ಸಿಜನ್ ಸಾಕಾಗುತ್ತಿದ್ದ ಅಥವಾ ಆಕ್ಸಿಜನ್ನೇ ಬೇಡವಾಗಿದ್ದ ರೋಗಿಗಳಿಗೆ 20 ಮಿ.ಗ್ರಾಮಿನಿಂದ ಆರಂಭಿಸುವ ಹೆಚ್ಚಿನ ಪ್ರಮಾಣ ಕೊಟ್ಟಾಗ ಸಾವು ಶೇ. 12ರಿಂದ 19ಕ್ಕೆ ಏರಿತೆಂದು ಅದೇ ಪರೀಕ್ಷೆ 2023ರಲ್ಲಿ ವರದಿ ಮಾಡಿತು. ಉರಿಯೂತ ಇನ್ನೂ ಏರುತ್ತಿದ್ದರೆ ಪ್ರಮಾಣ ಹೆಚ್ಚಿಸುವ ಬದಲು ಉರಿಯೂತ ತಗ್ಗಿಸುವ ಬೇರೆ ಔಷಧಗಳಾದ ಟಾಸಿಲಿಜುಮ್ಯಾಬ್ ಅಥವಾ ಬ್ಯಾರಿಸಿಟಿನಿಬ್ ಸೇರಿಸುತ್ತಾರೆ.

ಜ್ವರದ ಮೂರನೆಯ ದಿನವೇ ಅಂಗಡಿಯಿಂದ ಸ್ಟಿರಾಯ್ಡ್ ತಂದು ನುಂಗುವುದನ್ನು ದಯವಿಟ್ಟು ಯಾರೂ ಮಾಡಬೇಡಿ. ಸಕ್ಕರೆ ಏರುತ್ತದೆ, ಬೇರೆ ಸೋಂಕುಗಳಿಗೆ ದಾರಿಯಾಗುತ್ತದೆ. 2021ರಲ್ಲಿ ಎಷ್ಟೋ ಜನರ ಕಣ್ಣು, ದವಡೆ, ಪ್ರಾಣ ತೆಗೆದ ಕಪ್ಪು ಶಿಲೀಂಧ್ರದ ಹಿಂದೆ ಹತೋಟಿ ತಪ್ಪಿದ ಮಧುಮೇಹ ಮತ್ತು ಬೇಕಾಬಿಟ್ಟಿ ಸ್ಟಿರಾಯ್ಡ್ ಎರಡೂ ಇದ್ದವು.

ಲಸಿಕೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಲಸಿಕೆ ಪಡೆದೂ ಸೋಂಕು ಬಂತು ಎಂದರೆ ಲಸಿಕೆ ಸೋತಿತು ಎಂದಲ್ಲ. ಮೂಗಿನಲ್ಲಿ ಕಾವಲಿರುವ ಪ್ರತಿಕಾಯಗಳು ಕೆಲವೇ ತಿಂಗಳಲ್ಲಿ ಇಳಿಯುತ್ತವೆ, ಆದರೆ ನೆನಪಿಟ್ಟುಕೊಳ್ಳುವ ಟಿ ಕೋಶಗಳು ಹೆಚ್ಚು ಕಾಲ ಉಳಿದು, ಕಾಯಿಲೆ ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುತ್ತವೆ. ಎರಡನೆಯ ವಾರ ಬಾರದಂತೆ ಮಾಡುವುದೇ ಅದರ ಕೆಲಸ.

ಮನೆಗೆ ಮರಳಿದ ನಿಮ್ಮ ಹಿರಿಯರ ವಿಷಯಕ್ಕೆ ಬರೋಣ. ಬಿಡುಗಡೆ ಚೀಟಿಯಲ್ಲಿ ಡೆಕ್ಸಾಮೆಥಾಸೋನ್ ಎಷ್ಟು ದಿನ ಎಂದು ಬರೆದಿದೆ ನೋಡಿ. ಒಟ್ಟು ಹತ್ತು ದಿನ ಮೀರುತ್ತಿದ್ದರೆ ಕಾರಣ ಕೇಳಿ. ಮೊದಲು ಮಧುಮೇಹ ಇರಲಿಲ್ಲವಾದರೂ ಸಕ್ಕರೆ ಪರೀಕ್ಷೆ ಮಾಡಿಸಿ. ಮುಖದ ಒಂದೇ ಬದಿ ನೋವು, ಮೂಗಿನಿಂದ ಕಪ್ಪು ಅಥವಾ ರಕ್ತ ಬೆರೆತ ಸಿಂಬಳ, ಕಣ್ಣಿನ ಊತ, ಒಂದು ವಸ್ತು ಎರಡಾಗಿ ಕಾಣುವುದು, ಇವುಗಳಲ್ಲಿ ಯಾವುದು ಬಂದರೂ ಅದೇ ದಿನ ತೋರಿಸಿ. ಒಂದು ಕಾಲು ಮಾತ್ರ ಊದಿಕೊಂಡರೆ ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಪಿಸಿಆರ್ ಪರೀಕ್ಷೆ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಅದು ಸತ್ತ ವೈರಸ್ಸಿನ ಚೂರುಗಳನ್ನೂ ಹಿಡಿಯುವುದರಿಂದ. ಅದನ್ನು ಮತ್ತೆ ಮತ್ತೆ ಮಾಡಿಸಬೇಡಿ. ನಡಿಗೆಯನ್ನು ದಿನಕ್ಕೆ ಕೆಲವೇ ನಿಮಿಷದಿಂದ ಶುರು ಮಾಡಿಸಿ. ನಡೆದ ಮರುದಿನ ಹಾಸಿಗೆ ಹಿಡಿಯುವಷ್ಟು ಸುಸ್ತಾದರೆ ಹಟ ಮಾಡಿ ಹೆಚ್ಚಿಸಬೇಡಿ, ಹಿಂದಿನ ದಿನದ ಅರ್ಧಕ್ಕೆ ಇಳಿಸಿ. ನಡೆದಾದ ಮೇಲಿನ ಆಕ್ಸಿಜನ್ ಅಂಕಿಯನ್ನು ಅದೇ ಪುಸ್ತಕದಲ್ಲಿ, ದಿನಾಂಕದ ಜೊತೆ ಬರೆಯುತ್ತಾ ಹೋಗಿ. ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಲು ಅದು ಬೇಕಾಗುತ್ತದೆ.